ತಾನಾಗಿ ಬೀಳುವ ಕತ್ತರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರದ ಖರ್ಚಿಗೆ ತಾನಾಗಿ ಕತ್ತರಿ ಹಾಕುವ ಕಾನೂನುಗಳು ಹೇಗಿರುತ್ತವೆ, ಕಾರ್ಮಿಕ ಸಂಘಗಳು ಅವನ್ನು ಯಾಕೆ ಮತ್ತು ಹೇಗೆ ಎದುರಿಸಿದವು ಎಂದು ಕೇಳಿ ಉಡುಪಿ, ಮಂಗಳೂರು ಕಡೆಯಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಅರ್ಥಶಾಸ್ತ್ರದ ತರಗತಿಯಲ್ಲಿ ಅಮೆರಿಕದ ‘ಸಿಕ್ವೆಸ್ಟರ್’ ಎಂಬ ಮಾತು ಬಂತು. ಸರ್ಕಾರ ಖರ್ಚು ಇಳಿಸುವುದು ಒಳ್ಳೆಯದೇ ಅಲ್ಲವೇ? ಸಂಘಗಳು ಅದನ್ನು ವಿರೋಧಿಸಿದ್ದೇಕೆ?
— ಪದವಿ ವಿದ್ಯಾರ್ಥಿನಿ, ಉಡುಪಿ

ಸರ್ಕಾರದ ಖರ್ಚಿಗೆ ತಾನಾಗಿ ಬೀಳುವ ಕಡಿತವೇ ಸಿಕ್ವೆಸ್ಟರ್. ಮೊದಲು ಅದು ಹುಟ್ಟಿದ ಬಗೆ ತಿಳಿಯಬೇಕು. 2011ರ ಆಗಸ್ಟ್ 2ರಂದು ಅಮೆರಿಕದಲ್ಲಿ ಬಜೆಟ್ ನಿಯಂತ್ರಣ ಕಾಯ್ದೆಗೆ ಅಂಕಿತ ಬಿತ್ತು. ಸಾಲದ ಮಿತಿ ಏರಿಸಲು ಎರಡು ಪಕ್ಷಗಳು ಮಾಡಿಕೊಂಡ ರಾಜಿ ಅದು. ಸಂಸತ್ತಿನ 12 ಸದಸ್ಯರ ಸಮಿತಿಯೊಂದು ಹತ್ತು ವರ್ಷಗಳಲ್ಲಿ ಕನಿಷ್ಠ 1.2 ಲಕ್ಷ ಕೋಟಿ ಡಾಲರ್ ಉಳಿಸುವ ದಾರಿ ಹುಡುಕಬೇಕು, ಹುಡುಕದಿದ್ದರೆ ಕಡಿತ ತಾನಾಗಿ ಜಾರಿಯಾಗುತ್ತದೆ ಎಂದು ಕಾನೂನಿನಲ್ಲೇ ಬರೆದಿಟ್ಟರು. ಆ ಕಡಿತ ಯಾರಿಗೂ ಬೇಡವಾಗುವಷ್ಟು ಕೆಟ್ಟದಾಗಿದ್ದರೆ ಅದಕ್ಕೆ ಹೆದರಿಯಾದರೂ ಒಪ್ಪಂದಕ್ಕೆ ಬರುತ್ತಾರೆ ಎಂಬ ಲೆಕ್ಕಾಚಾರ. ಸಮಿತಿ ಅದೇ ವರ್ಷದ ನವೆಂಬರ್ 21ರಂದು ಕೈಚೆಲ್ಲಿತು. 2013ರ ಜನವರಿಯಲ್ಲಿ ಬೀಳಬೇಕಿದ್ದ ಕತ್ತರಿ ಎರಡು ತಿಂಗಳು ಮುಂದೆ ಹೋಗಿ ಮಾರ್ಚ್ 1ಕ್ಕೆ ಬಿತ್ತು.

ಆ ವರ್ಷದ ಕಡಿತ 8,540 ಕೋಟಿ ಡಾಲರ್. ಅರ್ಧ ರಕ್ಷಣೆಯಿಂದ, ಅರ್ಧ ಉಳಿದ ಇಲಾಖೆಗಳಿಂದ. ಸಂಸತ್ತು ವರ್ಷವರ್ಷ ಮಂಜೂರು ಮಾಡುವ ಹಣದಲ್ಲಿ ರಕ್ಷಣೆಗೆ ಶೇ 7.8, ಇತರ ಇಲಾಖೆಗಳಿಗೆ ಶೇ 5. ಹಿರಿಯರ ವೈದ್ಯಕೀಯ ಯೋಜನೆ ಮೆಡಿಕೇರ್‌ಗೆ ಶೇ 2. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ಬಡವರ ವೈದ್ಯಕೀಯ ನೆರವು ಮೆಡಿಕೇಡ್, ಸೈನಿಕರ ಸಂಬಳ ಇವಕ್ಕೆ ವಿನಾಯಿತಿ ಇತ್ತು.

ಶೇ 5 ಎಂದರೆ ಸಣ್ಣದು ಎನಿಸುತ್ತದೆ. ಮೋಸ ಇರುವುದು ತಿಂಗಳ ಲೆಕ್ಕದಲ್ಲಿ. ಅಲ್ಲಿನ ಹಣಕಾಸು ವರ್ಷ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30ರವರೆಗೆ. ಮಾರ್ಚ್ 1ಕ್ಕೆ ಐದು ತಿಂಗಳ ಹಣ ಆಗಲೇ ಖರ್ಚಾಗಿತ್ತು. ಇಡೀ ವರ್ಷದ ಕಡಿತವನ್ನು ಉಳಿದ ಏಳು ತಿಂಗಳಲ್ಲಿ ಹಿಂಡಬೇಕಾದ್ದರಿಂದ ನಿಜವಾದ ಹೊಡೆತ ಸುಮಾರು ಶೇ 9 ಆಯಿತು, ರಕ್ಷಣೆಯಲ್ಲಿ ಸುಮಾರು ಶೇ 13.

ಸಂಘಗಳ ಮುಖ್ಯ ಆಕ್ಷೇಪ ಈ ಮೊತ್ತಕ್ಕಿಂತ ಹೆಚ್ಚಾಗಿ ಕಡಿತದ ವಿಧಾನದ ಬಗ್ಗೆ. ಕಾನೂನು ಪ್ರತಿ ಕಾರ್ಯಕ್ರಮ, ಪ್ರತಿ ಲೆಕ್ಕಶೀರ್ಷಿಕೆಗೂ (ಬಜೆಟ್ಟಿನಲ್ಲಿ ಒಂದೊಂದು ಬಗೆಯ ಖರ್ಚಿಗೆ ಇರುವ ಹೆಸರು) ಒಂದೇ ಪ್ರಮಾಣ ಎಂದು ಹೇಳಿತ್ತು. ಯಾವುದು ದುಂದು, ಯಾವುದು ಅಗತ್ಯ ಎಂದು ಆರಿಸುವ ಅಧಿಕಾರ ಇಲಾಖೆಯ ಮುಖ್ಯಸ್ಥರಿಗೂ ಇರಲಿಲ್ಲ. ಮನೆಯಲ್ಲಿ ಗಂಜಿ ಅಕ್ಕಿಗೂ ಗೋಡೆಯ ಬಣ್ಣಕ್ಕೂ ಒಂದೇ ಅಳತೆಯಲ್ಲಿ ಕಡಿತ ಮಾಡಿದ ಹಾಗೆ. ಬಡ ಮಕ್ಕಳ ಶಾಲಾಪೂರ್ವ ಯೋಜನೆ ‘ಹೆಡ್ ಸ್ಟಾರ್ಟ್’ನಲ್ಲಿ ಸುಮಾರು 57,000 ಮಕ್ಕಳ ಜಾಗ ಹೋಯಿತು. ಅದನ್ನು ತೆಗೆಯಬೇಕೆಂದು ಯಾವ ಸದನದಲ್ಲೂ ಯಾರೂ ಕೈ ಎತ್ತಿರಲಿಲ್ಲ. ಯಾರೂ ತೀರ್ಮಾನ ಮಾಡದೆ ನಡೆದ ಕಡಿತಕ್ಕೆ ಯಾರನ್ನು ಹೊಣೆ ಮಾಡುವುದು? ಕಾರ್ಮಿಕ ಮಹಾಒಕ್ಕೂಟ ಎಎಫ್‌ಎಲ್–ಸಿಐಒ ಈ ಕಡಿತದ ವಿಧಿಯನ್ನೇ ರದ್ದು ಮಾಡಿ ಎಂದು ಕೇಳಿತು. ಅದರ ಬದಲಿಗೆ ಪಿಂಚಣಿ, ವೈದ್ಯಕೀಯ ಯೋಜನೆಗಳನ್ನು ಮೊಟಕು ಮಾಡುವ ರಾಜಿಯೂ ಬೇಡ ಎಂದಿತು.

‘ಫರ್ಲೋ’ ಎಂದರೆ ರಜೆ ತಾನೆ? ರಜೆಗೆ ಇಷ್ಟು ಗಲಾಟೆ ಏಕೆ? ಅದೂ 22 ದಿನ ಎಂಬ ಲೆಕ್ಕ ಎಲ್ಲಿಂದ ಬಂತು?
— ಸುರತ್ಕಲ್‌ನ ಓದುಗರು

ಸಿಕ್ವೆಸ್ಟರ್ ಕಡಿತದ ಹಣ ಹೊಂದಿಸಲು ಇಲಾಖೆಗಳು ನೌಕರರ ಮೇಲೆ ಹೇರಿದ, ಸಂಬಳವಿಲ್ಲದ ಕಡ್ಡಾಯ ರಜೆ ಅದು. ನೌಕರರು ತಮ್ಮ ಗಳಿಕೆ ರಜೆಯನ್ನು ಅದರ ಬದಲು ಹಾಕಿಕೊಳ್ಳಲು ಬಿಡುವುದಿಲ್ಲ. ಸ್ವಇಚ್ಛೆಯಿಂದ ಬಂದು ಕೆಲಸ ಮಾಡುತ್ತೇನೆ ಎಂದರೂ ಆಗದು. ಮಂಜೂರಾಗದ ಹಣಕ್ಕೆ ಸರ್ಕಾರ ಬದ್ಧವಾಗಬಾರದು ಎಂಬ ಕಾನೂನು ಪುಕ್ಕಟೆ ಸೇವೆಯನ್ನೂ ತಡೆಯುತ್ತದೆ. ಆ ದಿನ ಕಚೇರಿಯ ಇಮೇಲ್ ತೆರೆಯುವುದೂ ನಿಷಿದ್ಧ.

22ರ ಗುಟ್ಟು ಹೀಗಿದೆ. 22 ಕೆಲಸದ ದಿನಗಳನ್ನು ಮೀರಿದರೆ ಅದು ಹುದ್ದೆ ಕಡಿತದ ನಿಯಮಕ್ಕೆ ಒಳಪಡುತ್ತದೆ. ಆಗ ಸೇವಾ ಹಿರಿತನದ ಪಟ್ಟಿ, ಬೇರೆ ಹುದ್ದೆಗೆ ಹಕ್ಕು ಎಂದು ದೊಡ್ಡ ಪ್ರಕ್ರಿಯೆಯನ್ನೇ ಮಾಡಬೇಕು. ಅದನ್ನು ತಪ್ಪಿಸಿಕೊಳ್ಳಲು ಇಲಾಖೆಗಳು ಸರಿಯಾಗಿ 22ಕ್ಕೆ ನಿಂತವು. ರಕ್ಷಣಾ ಇಲಾಖೆ ಸುಮಾರು 6.5 ಲಕ್ಷ ನಾಗರಿಕ ನೌಕರರಿಗೆ ಮೊದಲು 22 ದಿನ ಎಂದಿತು, ಆಮೇಲೆ 14, ಆಮೇಲೆ 11. ಜುಲೈ 8ರಂದು ಶುರುವಾದದ್ದು ಕೊನೆಗೆ 6 ದಿನಕ್ಕೆ ಮುಗಿಯಿತು. ಬೇರೆ ಕಡೆಯಿಂದ ಹಣ ಹೊಂದಿಸಲು ಸಾಧ್ಯವಿದೆ ಎಂದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಮೊದಲ ದಿನ ಕೇಳಿದ ಅಂಕಿಯೇ ಕೊನೆಯದಲ್ಲ ಎಂಬುದನ್ನು ಯಾವ ಸಂಘವೂ ನೆನಪಿಡಬೇಕು.

ಸಂಬಳದ ಲೆಕ್ಕ ನೋಡಿ. ಅಲ್ಲಿ ಒಂದು ವರ್ಷಕ್ಕೆ 2,087 ಗಂಟೆ ಎಂದು ಹಿಡಿದು ಗಂಟೆಯ ದರ ತೆಗೆಯುತ್ತಾರೆ. 22 ದಿನ ಎಂದರೆ 176 ಗಂಟೆ, ವರ್ಷದ ಸಂಬಳದ ಶೇ 8.4. ಹನ್ನೊಂದು ದಿನಕ್ಕೆ ಶೇ 4.2, ಆರು ದಿನಕ್ಕೆ ಶೇ 2.3. ಆದರೆ ಇದು ಸಮನಾಗಿ ಹರಡುವುದಿಲ್ಲ. ಸಂಬಳ ಬರುವುದು ಎರಡು ವಾರಕ್ಕೊಮ್ಮೆ, 80 ಗಂಟೆಗೆ. ವಾರಕ್ಕೊಂದು ದಿನ ರಜೆ ಹಾಕಿದರೆ 16 ಗಂಟೆ ಹೋಗುತ್ತದೆ, ಅಂದರೆ ಆ ಸಲದ ಸಂಬಳದಲ್ಲಿ ಐದನೇ ಒಂದು ಭಾಗ. ಆರೋಗ್ಯ ವಿಮೆಯ ಕಂತು, ಸಾಲದ ಕಂತು ಇಳಿಯುವುದಿಲ್ಲವಾದ್ದರಿಂದ ಕೈಗೆ ಬರುವ ಹಣದಲ್ಲಿ ಕೊರತೆ ಅದಕ್ಕಿಂತ ಹೆಚ್ಚು. ಅದೂ 2011ರಿಂದ ಮೂರು ವರ್ಷ ವೇತನ ಶ್ರೇಣಿ ಏರದೆ ನಿಂತಿದ್ದ ನೌಕರರಿಗೆ.

ಅಷ್ಟು ಅನ್ಯಾಯವಿದ್ದರೆ ಮುಷ್ಕರ ಮಾಡಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಸಂಘಗಳು ಏನು ಮಾಡಿದವು?
— ಬಂದರು ಕಾರ್ಮಿಕರು, ಪಣಂಬೂರು

ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ಮುಷ್ಕರ ಹೂಡುವಂತಿಲ್ಲ. 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದರು, ಅವರ ಸಂಘದ ಮಾನ್ಯತೆಯೂ ಹೋಯಿತು. ಆ ಪೆಟ್ಟು ಇನ್ನೂ ಮಾಸಿಲ್ಲ.

ಕೋರ್ಟಿನ ದಾರಿಯನ್ನು ಸಂಘಗಳು 2013ಕ್ಕೂ ಬಹಳ ಮೊದಲೇ ಹಿಡಿದಿದ್ದವು, ಮತ್ತು ಈ ಕಥೆ ತಿಳಿಯಲೇಬೇಕಾದದ್ದು. ತಾನಾಗಿ ಬೀಳುವ ಕಡಿತದ ಮೊದಲ ಕಾನೂನು 1985ರ ಗ್ರಾಮ್–ರಡ್ಮನ್–ಹಾಲಿಂಗ್ಸ್ ಕಾಯ್ದೆ. ಕಡಿತದ ಮೊತ್ತವನ್ನು ಅಂತಿಮಗೊಳಿಸುವ ಕೆಲಸ ಅದರಲ್ಲಿ ಮಹಾಲೆಕ್ಕಪರಿಶೋಧಕರದ್ದು. ಸಂಸದ ಸೈನರ್ ಜೊತೆ ಖಜಾನೆ ನೌಕರರ ರಾಷ್ಟ್ರೀಯ ಸಂಘವೂ ದಾವೆ ಹೂಡಿತು. ಸಂಘದ ನಿವೃತ್ತ ಸದಸ್ಯರಿಗೆ ಬರಬೇಕಿದ್ದ, ಬೆಲೆಯೇರಿಕೆಗೆ ತಕ್ಕ ಪಿಂಚಣಿ ಏರಿಕೆ ನಿಂತಿತ್ತಲ್ಲ, ದಾವೆ ಹೂಡುವ ಹಕ್ಕು ಅದರಿಂದಲೇ ಸಿಕ್ಕಿತು. 1986ರ ಜುಲೈ 7ರಂದು ಸುಪ್ರೀಂ ಕೋರ್ಟ್ 7–2 ಬಹುಮತದಿಂದ, ಸಂಸತ್ತು ಕಿತ್ತುಹಾಕಬಲ್ಲ ಅಧಿಕಾರಿಗೆ ಕಾರ್ಯಾಂಗದ ಅಧಿಕಾರ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಸಂಘ ಗೆದ್ದಿತು. ಆದರೆ ಆಗಲೇ ಜಾರಿಯಾಗಿದ್ದ 1,170 ಕೋಟಿ ಡಾಲರ್ ಕಡಿತವನ್ನು ಸಂಸತ್ತು ಮತ ಹಾಕಿ ಊರ್ಜಿತಗೊಳಿಸಿತು. ಮರುವರ್ಷ ಆ ಅಧಿಕಾರವನ್ನು ಶ್ವೇತಭವನದ ಬಜೆಟ್ ಕಚೇರಿಗೆ ಕೊಟ್ಟು ಕಾನೂನನ್ನು ಸರಿಪಡಿಸಿಕೊಂಡಿತು. ತಾಂತ್ರಿಕ ದೋಷದ ಮೇಲೆ ಗೆದ್ದರೆ ಆ ದೋಷವನ್ನಷ್ಟೇ ತಿದ್ದುತ್ತಾರೆ, ಕಡಿತ ಉಳಿಯುತ್ತದೆ.

2013ರಲ್ಲಿ ಸಂಘಗಳು ಮೂರು ಕಡೆ ಕೈ ಹಾಕಿದವು. ಕಡ್ಡಾಯ ರಜೆಗೆ ಕನಿಷ್ಠ 30 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು, ಉತ್ತರಿಸಲು ಕನಿಷ್ಠ 7 ದಿನ ಬಿಡಬೇಕು ಎಂಬ ನಿಯಮವನ್ನು ಅಕ್ಷರಶಃ ಪಾಲಿಸುವಂತೆ ಮಾಡಿದವು. ರಜೆಯನ್ನು ತಡೆಯಲಾಗದಿದ್ದರೂ ಯಾವ ವಾರ, ಯಾವ ದಿನ, ಕಷ್ಟದಲ್ಲಿರುವವರಿಗೆ ಏನು ಎಂಬ ಬಗ್ಗೆ ಚೌಕಾಸಿ ಮಾಡಿದವು. ಸದಸ್ಯರಿಂದ ಮೇಲ್ಮನವಿ ಹಾಕಿಸಿದವು. ನೌಕರರ ಮೇಲ್ಮನವಿ ಮಂಡಳಿಗೆ ಬಂದ ಅರ್ಜಿ 32,000ಕ್ಕೂ ಹೆಚ್ಚು. ಬಹುತೇಕ ಎಲ್ಲದರಲ್ಲೂ ಮಂಡಳಿ ಇಲಾಖೆಯ ಕ್ರಮವನ್ನೇ ಎತ್ತಿಹಿಡಿಯಿತು. ಹಣದ ಕೊರತೆ ನಿಜ, ಎಲ್ಲರಿಗೂ ಒಂದೇ ನಿಯಮ ಅನ್ವಯಿಸಿದ್ದಾರೆ ಎಂದಾದರೆ ಅಷ್ಟು ಸಾಕು ಎಂಬುದು ಅದರ ನಿಲುವು.

ನಿಜವಾಗಿ ಫಲಿಸಿದ್ದು ಬೇರೆಯೇ. ಏಪ್ರಿಲ್ 21ರಿಂದ ವಿಮಾನ ಸಂಚಾರ ನಿಯಂತ್ರಕರಿಗೂ ಕಡ್ಡಾಯ ರಜೆ ಶುರುವಾಯಿತು. ವಿಮಾನಗಳು ತಡವಾದವು. ಒಂದೇ ವಾರದಲ್ಲಿ ಸಂಸತ್ತಿನ ಎರಡೂ ಸದನಗಳು ವಿಮಾನ ನಿಲ್ದಾಣಗಳ ಅನುದಾನದಿಂದ 25.3 ಕೋಟಿ ಡಾಲರ್‌ವರೆಗೆ ವರ್ಗಾಯಿಸಲು ಮಸೂದೆ ಪಾಸು ಮಾಡಿದವು, ಮೇ 1ಕ್ಕೆ ಅದಕ್ಕೆ ಅಂಕಿತವೂ ಬಿತ್ತು. ಹೆಡ್ ಸ್ಟಾರ್ಟ್ ಮಕ್ಕಳಿಗೆ ಇಂಥ ಮಸೂದೆ ಬರಲಿಲ್ಲ. ಸದನದವರು ಸ್ವತಃ ವಿಮಾನದಲ್ಲಿ ಓಡಾಡುವವರು. ಅವರ ಮಕ್ಕಳು ಆ ಶಾಲೆಗೆ ಹೋಗುವವರಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಾಲ ಮಾಡಿದ ಸರ್ಕಾರ ಸಾಲ ತೀರಿಸಬೇಡವೇ? ಸಂಘಗಳು ಬೇಡ ಎನ್ನುವುದು ಬಿಟ್ಟು ಬೇರೆ ದಾರಿ ಹೇಳಿದವೇ?
— ವ್ಯಾಪಾರಿ, ಕಾರ್ಕಳ

ಹೇಳಿದವು. ದೊಡ್ಡ ಕಂಪನಿಗಳ ತೆರಿಗೆ ನುಸುಳುದಾರಿ ಮುಚ್ಚಿ, ಹೊರಗಿನ ಗುತ್ತಿಗೆ ಕಂಪನಿಗಳಿಗೆ ಹೋಗುವ ಹಣ ಇಳಿಸಿ ಎಂದವು. ಕಡಿತದಿಂದ ವ್ಯಾಪಾರವೂ ಕುಗ್ಗುತ್ತದೆ ಎಂಬ ವಾದಕ್ಕೆ ಸಂಸತ್ತಿನದೇ ಬಜೆಟ್ ಕಚೇರಿಯ ಬೆಂಬಲ ಸಿಕ್ಕಿತು. ಈ ಕಡಿತದಿಂದ 2013ರ ಕೊನೆಗೆ ಸುಮಾರು 7.5 ಲಕ್ಷ ಉದ್ಯೋಗ ಕಡಿಮೆಯಾಗುತ್ತದೆ ಎಂದು ಅದು ಅಂದಾಜಿಸಿತ್ತು. ಸಂಬಳ ಕಡಿಮೆಯಾದವರು ಮೊದಲು ಬಿಡುವುದು ಅಂಗಡಿಯ ಖರೀದಿಯನ್ನು. ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

2013ರ ಡಿಸೆಂಬರಿನಲ್ಲಿ ಎರಡು ವರ್ಷಕ್ಕೆ ಸುಮಾರು 6,300 ಕೋಟಿ ಡಾಲರ್ ಕಡಿತ ಸಡಿಲವಾಯಿತು. ಅದರ ಬೆಲೆಯ ಒಂದು ಪಾಲನ್ನು ಹೊಸದಾಗಿ ಸೇರುವ ನೌಕರರು ತೆತ್ತರು. 2013ಕ್ಕಿಂತ ಮೊದಲು ಸೇರಿದ ಹಳಬರು ಪಿಂಚಣಿಗೆ ಸಂಬಳದ ಶೇ 0.8 ಕೊಡುತ್ತಿದ್ದರೆ, 2014ರಿಂದ ಸೇರಿದವರು ಶೇ 4.4 ಕೊಡಬೇಕು. ಇನ್ನೂ ಕೆಲಸಕ್ಕೆ ಸೇರದವರ ಪರ ಮಾತನಾಡಲು ಮಾತುಕತೆಯ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ನಾನು ಕೇಂದ್ರ ಸರ್ಕಾರಿ ಸೇವೆಯಿಂದ 2020ರ ಅಕ್ಟೋಬರಿನಲ್ಲಿ ನಿವೃತ್ತ. ನಮ್ಮ ದೇಶದಲ್ಲೂ ಇಂಥ ಕಾನೂನು ಇದೆಯೇ? ಆಗ ತಡೆದ ತುಟ್ಟಿಭತ್ಯೆ ಇದೇ ಬಗೆಯದೇ?
— ಪಿಂಚಣಿದಾರರು, ಮಂಗಳೂರು

ಅಮೆರಿಕದ ಹಾಗೆ ಇಷ್ಟೇ ಶೇಕಡಾ ಎಂದು ತಾನಾಗಿ ಬೀಳುವ ಕತ್ತರಿ ನಮ್ಮಲ್ಲಿಲ್ಲ. ಹತ್ತಿರದ್ದು ಇದೆ. ಕೇಂದ್ರದ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ವರಮಾನ ಕುಸಿದರೆ ಅಥವಾ ವೆಚ್ಚ ಮಿತಿ ಮೀರಿದರೆ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು, ಮಂಜೂರಾದ ಹಣವನ್ನು ಮೊಟಕು ಮಾಡುವುದೂ ಅದರಲ್ಲಿ ಸೇರಿದೆ. ಸದನದ ಮತಕ್ಕೆ ಹಾಕದೆ ಕೊಡಲೇಬೇಕಾದ ಬಡ್ಡಿಯಂಥ ವೆಚ್ಚಕ್ಕೆ ಇದು ತಾಗುವುದಿಲ್ಲ. ಕರ್ನಾಟಕ ಇದಕ್ಕೂ ಮೊದಲೇ, 2002ರಲ್ಲಿ, ದೇಶದಲ್ಲೇ ಮೊದಲಿಗೆ ತನ್ನ ಕಾಯ್ದೆ ಮಾಡಿತು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದು ಎಂಬುದು ಅದರ ಮಿತಿ.

ನಿಮ್ಮ ತುಟ್ಟಿಭತ್ಯೆಯದು ಆದೇಶದಿಂದ ಆದದ್ದು. 2020ರ ಏಪ್ರಿಲ್ 23ರಂದು ಕೇಂದ್ರ ಮೂರು ಕಂತು ತಡೆಯಿತು: 2020 ಜನವರಿಯ ಶೇ 4, ಜುಲೈಯ ಶೇ 3, 2021 ಜನವರಿಯ ಶೇ 4. ದರ ಶೇ 17ರಲ್ಲೇ ನಿಂತು 2021ರ ಜುಲೈ 1ರಿಂದ ಶೇ 28ಕ್ಕೆ ಏರಿತು. ನಡುವಿನ 18 ತಿಂಗಳ ಬಾಕಿ ಕೊಡಲಿಲ್ಲ. ಮೊದಲ ಆರು ತಿಂಗಳು ಶೇ 4ರಂತೆ, ಮುಂದಿನ ಆರು ಶೇ 7ರಂತೆ, ಕೊನೆಯ ಆರು ಶೇ 11ರಂತೆ ಕೂಡಿಸಿದರೆ ಮೂಲವೇತನದ ಶೇ 132. ಮೂಲವೇತನ 35,400 ರೂಪಾಯಿ ಇದ್ದವರಿಗೆ ನಷ್ಟ 46,728 ರೂಪಾಯಿ. ಮೂಲ ಪಿಂಚಣಿ 20,000 ಇದ್ದವರಿಗೆ 26,400. ಇದರಿಂದ ಸರ್ಕಾರಕ್ಕೆ ಉಳಿದದ್ದು ಸುಮಾರು 34,402 ಕೋಟಿ ರೂಪಾಯಿ. ಕಾರ್ಮಿಕ ಸಂಘಟನೆಗಳು, ಸರ್ಕಾರ ಮತ್ತು ನೌಕರರ ಜಂಟಿ ಸಮಾಲೋಚನಾ ವ್ಯವಸ್ಥೆಯಲ್ಲಿರುವ ನೌಕರರ ಪ್ರತಿನಿಧಿಗಳು ಈ ಬಾಕಿ ಕೇಳುತ್ತಲೇ ಬಂದಿವೆ.

ನೀವು ಈಗಲೇ ನೋಡಬೇಕಾದದ್ದು ಒಂದಿದೆ. ಆ ಅವಧಿಯಲ್ಲಿ ನಿವೃತ್ತರಾದವರ ಗ್ರಾಚ್ಯುಟಿ ಮತ್ತು ರಜೆ ನಗದೀಕರಣಕ್ಕೆ ಮಾತ್ರ ಏರಿಸಿದ ದರವನ್ನೇ ಹಿಡಿಯಬೇಕೆಂದು 2021ರ ಸೆಪ್ಟೆಂಬರಿನಲ್ಲಿ ಆದೇಶವಾಯಿತು. 2020ರ ಜನವರಿ–ಜೂನ್‌ನಲ್ಲಿ ನಿವೃತ್ತರಾದವರಿಗೆ ಶೇ 21, ಜುಲೈ–ಡಿಸೆಂಬರ್‌ನವರಿಗೆ ಶೇ 24, 2021ರ ಜನವರಿ–ಜೂನ್‌ನವರಿಗೆ ಶೇ 28. ನಿಮಗೆ ಶೇ 24. ನಿಮ್ಮ ಮಂಜೂರಾತಿ ಪತ್ರದಲ್ಲಿ ಶೇ 17 ಎಂದೇ ಇದ್ದರೆ ಹಿಂದಿನ ಕಚೇರಿಗೆ ಪರಿಷ್ಕರಣೆಗೆ ಬರೆಯಿರಿ. ಗ್ರಾಚ್ಯುಟಿಗೆ ಗರಿಷ್ಠ ಮಿತಿ ಮುಟ್ಟಿದವರಿಗೆ ಅದರಲ್ಲಿ ವ್ಯತ್ಯಾಸ ಬರದು, ರಜೆ ನಗದೀಕರಣದಲ್ಲಿ ಬರುತ್ತದೆ.

ಸಂಬಳವನ್ನು ಕಡಿತ ಮಾಡಿಲ್ಲ, ಮುಂದೂಡಿದ್ದೇವೆ ಎಂದರೆ ಸರಿಯೇ?
— ಶಿಕ್ಷಕಿ, ಮಂಜೇಶ್ವರ

ಕಾನೂನಿನ ಬಲವಿಲ್ಲದೆ ಬರೀ ಆದೇಶದಿಂದ ಆಗದು. ನಿಮ್ಮ ಕೇರಳದಲ್ಲೇ 2020ರಲ್ಲಿ ತಿಂಗಳಿಗೆ ಆರು ದಿನದ ಸಂಬಳ, ಐದು ತಿಂಗಳು ತಡೆಯುವ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಸರ್ಕಾರ ಕೂಡಲೇ ಸುಗ್ರೀವಾಜ್ಞೆ ತಂದಿತು, ಅದಕ್ಕೆ ಕೋರ್ಟ್ ತಡೆ ಕೊಡಲಿಲ್ಲ. ಆಂಧ್ರದಲ್ಲಿ ಮುಂದೂಡಿದ ಸಂಬಳ, ಪಿಂಚಣಿಯನ್ನು ಶೇ 6 ಬಡ್ಡಿ ಸೇರಿಸಿ ಕೊಡಿ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 8ರಂದು ಹೇಳಿತು. ಆದ್ದರಿಂದ ಇಂಥ ಆದೇಶ ಬಂದಾಗ ಅದು ಯಾವ ಕಾಯ್ದೆಯ ಯಾವ ಸೆಕ್ಷನ್ ಉಲ್ಲೇಖಿಸಿದೆ ಎಂದು ಮೊದಲು ನೋಡಿ.

ಸರ್ಕಾರಿ ಹಾಸ್ಟೆಲಿನಲ್ಲಿ ನಾವು ಹನ್ನೊಂದು ಮಂದಿ ಹೊರಗುತ್ತಿಗೆ ನೌಕರರು. ‘ಅನುದಾನಕ್ಕೆ ಕತ್ತರಿ ಬಿದ್ದಿದೆ’ ಎಂದು ಎರಡು ತಿಂಗಳಿಂದ ಸಂಬಳ ಇಲ್ಲ. ನಾಳೆಯಿಂದಲೇ ಕೆಲಸ ನಿಲ್ಲಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ.
— ಕುಂದಾಪುರ ತಾಲೂಕು

ನಾಳೆ ನಿಲ್ಲಿಸಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಇಲ್ಲದೆ ಗೈರಾದರೆ ತಲಾ ಎಂಟು ದಿನದವರೆಗಿನ ಕೂಲಿ ಹಿಡಿಯಲು ವೇತನ ಸಂಹಿತೆಯಲ್ಲಿ ಅವಕಾಶವಿದೆ. ನೀವು ಹನ್ನೊಂದು ಮಂದಿ, ಆ ಗೆರೆಯೊಳಗೇ ಇದ್ದೀರಿ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು, ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಏಳು ದಿನದೊಳಗೆ ಹೂಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ.

ಕತ್ತರಿ ಬಿದ್ದಿದೆ ಎಂಬ ಮಾತನ್ನು ಹಾಗೇ ನಂಬಬೇಡಿ. ಮಿತವ್ಯಯದ ಆದೇಶಗಳಲ್ಲಿ ಸಂಬಳಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. 2014ರ ಅಕ್ಟೋಬರಿನಲ್ಲಿ ಕೇಂದ್ರ ಯೋಜನೇತರ ವೆಚ್ಚಕ್ಕೆ ಶೇ 10 ಕಡಿತ ಹೇರಿದಾಗಲೂ ಸಂಬಳ, ಪಿಂಚಣಿ, ಬಡ್ಡಿಯನ್ನು ಬಿಟ್ಟಿತ್ತು. ಆದರೆ ನಿಮ್ಮ ಕೂಲಿ ಲೆಕ್ಕದಲ್ಲಿ ‘ಸಂಬಳ’ ಎಂಬ ಶೀರ್ಷಿಕೆಯಲ್ಲಿ ಇರುವುದು ಅಪರೂಪ. ಏಜೆನ್ಸಿಗೆ ಕೊಡುವ ಹಣವಾದ್ದರಿಂದ ಕಚೇರಿ ವೆಚ್ಚ ಅಥವಾ ಸೇವೆಗಳ ವೆಚ್ಚದಲ್ಲಿ ಕೂತಿರುತ್ತದೆ. ವಿನಾಯಿತಿಯ ಕೊಡೆ ನಿಮ್ಮ ತಲೆಯ ಮೇಲೆ ಬರುವುದಿಲ್ಲ. ಕಾಯಂ ನೌಕರರ ಸಂಘಗಳು ಈ ಒಂದು ಶೀರ್ಷಿಕೆಗಾಗಿ ನಿಮ್ಮ ಜೊತೆ ನಿಲ್ಲಬೇಕಾದ ಕಾಲ ಬಂದು ಬಹಳ ದಿನವಾಯಿತು.

ಹಲವು ಸಲ ಕಡಿತವೇ ಆಗಿರುವುದಿಲ್ಲ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕಳುಹಿಸದ ಕಾರಣ ಮುಂದಿನ ಕಂತು ಬಿಡುಗಡೆ ಆಗಿರುವುದಿಲ್ಲ. ಅಥವಾ ಹಣ ಬಂದಿದ್ದರೂ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ಲು ಸಲ್ಲಿಸಿರುವುದಿಲ್ಲ, ಮಾರ್ಚ್ 31 ದಾಟಿದರೆ ಆ ಹಣ ಲ್ಯಾಪ್ಸ್. ಇನ್ನು ಕೆಲವೊಮ್ಮೆ ಏಜೆನ್ಸಿಗೆ ಹಣ ಸಂದಾಯವಾಗಿ ಅಲ್ಲೇ ನಿಂತಿರುತ್ತದೆ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಯಾರ ಬಾಗಿಲಿಗೆ ಹೋದರೂ ಮುಂದಿನ ಬಾಗಿಲು ತೋರಿಸುತ್ತಾರೆ.

ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಇಲ್ಲವಾದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಕೇಳಬೇಕಾದದ್ದು: ಹೊರಗುತ್ತಿಗೆ ವೆಚ್ಚದ ಲೆಕ್ಕಶೀರ್ಷಿಕೆ, ಈ ವರ್ಷ ಹಂಚಿಕೆಯಾದ ಮೊತ್ತ, ಬಿಡುಗಡೆ ಆದೇಶಗಳ ದಿನಾಂಕ ಮತ್ತು ಪ್ರತಿ, ಏಜೆನ್ಸಿಗೆ ಹಣ ಪಾವತಿಸಿದ ದಿನಾಂಕ. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ, ಕಾರಣ ಕೇಳಿದರೆ ಉತ್ತರ ತಪ್ಪಿಸಿಕೊಳ್ಳುವುದು ಸುಲಭ. ದಾಖಲೆ ಕೇಳಿದರೆ ಕೊಡಲೇಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಅದಕ್ಕೆ ಕಾಯದೆ ಅದೇ ವಾರ ಉಡುಪಿಯ ಕಾರ್ಮಿಕ ಅಧಿಕಾರಿಗೆ ಲಿಖಿತ ದೂರು ಕೊಡಿ. ತಿಂಗಳ ಸಂಬಳ ಮರುತಿಂಗಳ 7ರೊಳಗೆ ಬರಬೇಕು. ಏಜೆನ್ಸಿ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕರದು, ಅಂದರೆ ನಿಮ್ಮ ವಿಷಯದಲ್ಲಿ ಇಲಾಖೆಯದು. ದೂರಿನಲ್ಲಿ ಏಜೆನ್ಸಿಯನ್ನೂ ಇಲಾಖೆಯನ್ನೂ ಎರಡನ್ನೂ ಎದುರುದಾರರಾಗಿ ಹೆಸರಿಸಿ. ಒಂದನ್ನೇ ಬರೆದರೆ ಅದು ಇನ್ನೊಂದರ ಮೇಲೆ ಹಾಕುತ್ತದೆ. ಹಾಜರಿ ಪುಸ್ತಕದ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಆರು ತಿಂಗಳ ಪುಟ, ಕೊನೆಯ ಸಂಬಳ ಚೀಟಿ ಲಗತ್ತಿಸಿ. ಎರಡು ಪ್ರತಿ ಮಾಡಿ ಒಂದಕ್ಕೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಕಿ ವೇತನದ ಹಕ್ಕುಸಾಧನೆಗೆ ಹಿಂದಿನ ಕಾಯ್ದೆಗಳಲ್ಲಿ ತಿಂಗಳುಗಳ ಗಡುವಿತ್ತು, ವೇತನ ಸಂಹಿತೆಯಲ್ಲಿ ಮೂರು ವರ್ಷ ಇದೆ. ಹಾಗೆಂದು ತಡ ಮಾಡಬೇಡಿ, ಟೆಂಡರ್ ಬದಲಾದರೆ ಹಳೆಯ ಏಜೆನ್ಸಿಯನ್ನು ಹುಡುಕುವುದೇ ಕಷ್ಟ.

ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನೂ ಇವತ್ತೇ ತೆರೆದು ನೋಡಿ. ನಿಮ್ಮ ಶೇ 12, ಮಾಲೀಕರ ಶೇ 12 ಮರುತಿಂಗಳ 15ರೊಳಗೆ ಕಟ್ಟಬೇಕು. ಸಂಬಳ ಬಂದಿದ್ದ ತಿಂಗಳುಗಳಲ್ಲೂ ಕಟ್ಟದಿದ್ದರೆ ಸಮಸ್ಯೆ ಅನುದಾನದ್ದಲ್ಲ, ಏಜೆನ್ಸಿಯದು ಎಂದು ಅಲ್ಲೇ ಗೊತ್ತಾಗುತ್ತದೆ. ಆಗ ಭವಿಷ್ಯ ನಿಧಿ ಕಚೇರಿಗೆ ಬೇರೆಯೇ ದೂರು ಹೋಗಬೇಕು, ಅದರ ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಟ್ಟ ದೂರಿಗೆ ಸೇರಿಸಿ.